ಹಲ್ಲುಗಳ ಲೆಕ್ಕ

ಮೂವತ್ತೈದು ವರುಷಗಳ ಕಾಲ ಹುಡುಗರಿಂದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ನಮಗೆ ಈ ವಯಸ್ಸಿನಲ್ಲಿ ಸೈಕಲ್ಲಿನ ಹಲ್ಲುಗಳನ್ನು ಎಣಿಸುವ ಕೆಲಸವೊಂದು ಒದಗಿತು. ನಮ್ಮ ತಮ್ಮನು ಮಾನ್ವಿಯಲ್ಲಿ ಬೇಸಾಯಗಾರನು. ಆತನ ಮಗನು ಹದಿನೆಂಟು ವರುಷದವನು. ರಾಯಚೂರಿನಲ್ಲಿ ನಮ್ಮ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿರುವನು. ಬೆಳಗಿನ ಜಾವದಲ್ಲಿ ಒಂದು ದಿನ ತಂದೆಯ ಊರಾದ ಮಾನ್ವಿಯ ಕಡೆಗೂ, ಮತ್ತೊಂದು ದಿನ ತಾಯಿಯ ತವರಾದ ದೇವದುರ್ಗದ ಕಡೆಗೂ ಸೈಕಲ್ ತುಳಿಯುವುದು ಅವನ ನಿತ್ಯಕರ್ಮ.

ಅವನು ಕೈಹಾಕಿರುವುದು ಟೈಮ್ ಟ್ರಯಲ್ ಎಂಬ ಪಂದ್ಯಕ್ಕೆ. ಇದರಲ್ಲಿ ಸವಾರರೆಲ್ಲರೂ ಒಟ್ಟಿಗೆ ಹೊರಡುವುದಿಲ್ಲ; ನಿಯತವಾದ ಅಂತರದಲ್ಲಿ ಒಬ್ಬೊಬ್ಬರನ್ನಾಗಿ ಬಿಡುತ್ತಾರೆ. ಮತ್ತೊಬ್ಬನ ಬೆನ್ನ ಹಿಂದೆ ಗಾಳಿಯ ಮರೆಯಲ್ಲಿ ಸಾಗುವಂತಿಲ್ಲ. ದೂರವನ್ನು ಕಡಿಮೆ ಕಾಲದಲ್ಲಿ ಮುಗಿಸಿದವನೇ ಗೆದ್ದವನು. 1996ರ ಅಟ್ಲಾಂಟಾ ಒಲಿಂಪಿಕ್ಸಿನಿಂದ ಇದು ಪ್ರತ್ಯೇಕ ಸ್ಪರ್ಧೆಯಾಗಿ ನಡೆಯುತ್ತಿದೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಯ ಮಕ್ಕಳು ರಾಷ್ಟ್ರಮಟ್ಟದಲ್ಲಿ ಸೈಕಲ್ ತುಳಿದು ಹೆಸರು ಗಳಿಸಿದುದನ್ನು ಕಂಡು, ರಾಜ್ಯದ ಆಯ್ಕೆಯಲ್ಲಿ ತಾನೂ ನಿಲ್ಲಬೇಕೆಂಬ ಹಂಬಲ ನಮ್ಮ ಹುಡುಗನಿಗೆ ಹುಟ್ಟಿತು. ಅದಕ್ಕಾಗಿ ಬೆಂಗಳೂರಿನ ಒಬ್ಬ ಕುಶಲಿಯಿಂದ ಅವನ ಮೈಯಳತೆಗೆ ತಕ್ಕ ಸೈಕಲ್ಲನ್ನು ಕಟ್ಟಿಸುವುದೆಂದು ಗೊತ್ತಾಯಿತು.

ಹಣವು ತಮ್ಮನ ಎರಡು ಬೆಳೆಯ ಭತ್ತದ್ದು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ರೈತನಿಗೆ ಎರಡು ಬೆಳೆಯೆಂದರೆ ಎಷ್ಟೆಂಬುದನ್ನು ಈ ಸೀಮೆಯ ವಾಚಕರಿಗೆ ಹೇಳಬೇಕಾಗಿಲ್ಲ. 2024ರ ಆಗಸ್ಟಿನಲ್ಲಿ ಜಲಾಶಯದ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ ಮಾನ್ವಿಯ ಮನೆಮನೆಯಲ್ಲೂ ಚಿಂತೆಯಿತ್ತು. ಅಂಥ ಹಣದಲ್ಲಿ ಮಾಡಿಸುವ ವಸ್ತುವನ್ನು ಎರಡನೆಯ ಸಲ ಮಾಡಿಸುವ ಮಾತೇ ಇಲ್ಲ.

ಕುಶಲಿಯ ಮೊದಲ ಪ್ರಶ್ನೆಯು ಮುಂದಿನ ದಂತಚಕ್ರದ್ದಾಗಿತ್ತು. (ಭಾಗವತದ ದಂತವಕ್ರನಲ್ಲ; ಆದರೂ ಮನೆಯಲ್ಲಿ ಕಲಹವೆಬ್ಬಿಸುವುದರಲ್ಲಿ ಅವನಿಗೇನೂ ಕಡಿಮೆಯಿಲ್ಲ.) ಪೆಡಲಿನ ಬಳಿಯ ಈ ಚಕ್ರಕ್ಕೆ ಎಷ್ಟು ಹಲ್ಲು? ಚಕ್ರವು ದೊಡ್ಡದಾದಷ್ಟೂ ಹಿಂದಿನ ಗಾಲಿಯನ್ನು ಹಿಡಿದಿರುವ ಕೊಳವೆಗೆ ತಾಗುವ ಭಯ; ಆದುದರಿಂದ ಚೌಕಟ್ಟನ್ನು ಬೆಸೆಯುವ ಮುನ್ನವೇ ಇದು ನಿರ್ಣಯವಾಗಬೇಕು. ಹುಡುಗನ ಉತ್ತರ ಸಿದ್ಧವಾಗಿತ್ತು. “ದೊಡ್ಡಪ್ಪಾ, ನನಗ ಐವತ್ತೆಂಟು ಹಲ್ಲಿಂದ ಬೇಕು. ಯುರೋಪಿನ ದೊಡ್ಡ ದೊಡ್ಡ ಸವಾರರೆಲ್ಲ ಅಂಥಾದ್ದೇ ಹಾಕ್ತಾರ.”

ನಾವು ಆಗಲೂ ಬೇಡವೆನ್ನಲಿಲ್ಲ, ಲೆಕ್ಕ ಮಾಡೋಣವೆಂದೆವು. ಇದು ಬರಿಯ ತ್ರೈರಾಶಿಕ. ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ‘ಲೀಲಾವತಿ’ಯಲ್ಲಿ ವ್ಯಾಸದಿಂದ ಪರಿಧಿಯನ್ನು ತಿಳಿಯಲು ಎರಡು ಮಾರ್ಗಗಳಿವೆ: ಸ್ಥೂಲಕ್ಕೆ 22/7, ಸೂಕ್ಷ್ಮಕ್ಕೆ 3927/1250. ಟೈರು ಸಹಿತ 67 ಸೆಂಟಿಮೀಟರ್ ವ್ಯಾಸದ ಗಾಲಿಗೆ ಎರಡನ್ನೂ ಹಾಕಿ ನೋಡಿದೆವು. ವ್ಯತ್ಯಾಸ ಒಂದು ಮಿಲಿಮೀಟರಿಗೂ ಕಡಿಮೆ. ಪರಿಧಿ ಸುಮಾರು 2.105 ಮೀಟರು. ಮುಂದಿನ ಹಲ್ಲುಗಳನ್ನು ಹಿಂದಿನ ಹಲ್ಲುಗಳಿಂದ ಭಾಗಿಸಿ, ಬಂದುದನ್ನು ಈ ಪರಿಧಿಯಿಂದ ಗುಣಿಸಿದರೆ, ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಎಷ್ಟು ಮುಂದೆ ಹೋಗುವುದೆಂಬುದು ದೊರೆಯುತ್ತದೆ. ಮುಂದೆ 58, ಹಿಂದೆ 11 ಇದ್ದರೆ ಸುತ್ತಿಗೆ 11.1 ಮೀಟರು. ನಿಮಿಷಕ್ಕೆ 90 ಸುತ್ತು ತುಳಿದರೆ ವೇಗವು ಗಂಟೆಗೆ ಹತ್ತಿರಹತ್ತಿರ 60 ಕಿಲೋಮೀಟರು! ದೇವದುರ್ಗದ ರಸ್ತೆಯಲ್ಲಿ ಆ ವೇಗವು ಲಾರಿಗಳಿಗೆ ಸಲ್ಲುವಂಥದು.

ಹುಡುಗನು ಇಟಲಿಯ ಫಿಲಿಪ್ಪೊ ಗನ್ನಾನನ್ನು ಸಾಕ್ಷಿಗೆ ಕರೆದನು. ಈತನು 2022ರ ಅಕ್ಟೋಬರಿನಲ್ಲಿ ಒಂದು ಗಂಟೆಯಲ್ಲಿ 56.792 ಕಿಲೋಮೀಟರು ಸಾಗಿದವನು. ಮುಂದೆ 65, ಹಿಂದೆ 14 ಹಲ್ಲು. ನಾವು ಬೆಲ್ಜಿಯಮ್ಮಿನ ಎಡ್ಡಿ ಮರ್ಕ್ಸನನ್ನು ಕರೆದೆವು. 1972ರಲ್ಲಿ ಮೆಕ್ಸಿಕೊ ನಗರದಲ್ಲಿ ಆತನು ಅದೇ ಒಂದು ಗಂಟೆಯಲ್ಲಿ 49.431 ಕಿಲೋಮೀಟರು ಹೋದುದು 52 ಮತ್ತು 14ರಿಂದ. ಗಾಲಿಯ ಪರಿಧಿಯನ್ನು 2.1 ಮೀಟರೆಂದು ಹಿಡಿದರೆ ಗನ್ನಾನು ನಿಮಿಷಕ್ಕೆ ಸುಮಾರು 97 ಸುತ್ತು, ಮರ್ಕ್ಸನು ಸುಮಾರು 105 ಸುತ್ತು ತುಳಿದಂತಾಯಿತು. ಅಂದರೆ ಇಬ್ಬರೂ ತಂತಮ್ಮ ಕಾಲುಗಳಿಗೆ ಒಪ್ಪುವ ಸುತ್ತುಗಳನ್ನು ಮೊದಲು ನಿಶ್ಚಯಿಸಿ, ಹಲ್ಲುಗಳನ್ನು ಅದಕ್ಕೆ ಹೊಂದಿಸಿದಂತೆ ತೋರುತ್ತದೆ. ಹಾಗಾದರೆ ನಮ್ಮ ಹುಡುಗನ ಕಾಲೇನು ಹೇಳುತ್ತದೆ?

ಒಂದು ತಿಂಗಳು ಬರೆದಿಟ್ಟೆವು. ಎರವಲು ತಂದ ಸೈಕಲ್ಲು, ಅದರಲ್ಲಿ ಸುತ್ತುಗಳನ್ನೆಣಿಸುವ ಚಿಕ್ಕ ಯಂತ್ರ, ನಮ್ಮದೊಂದು ನೋಟುಬುಕ್ಕು. ಗಾಳಿಯಿಲ್ಲದ ಮುಂಜಾವಿನಲ್ಲಿ ಅವನ ವೇಗ ಗಂಟೆಗೆ 38 ಕಿಲೋಮೀಟರಿನ ಆಸುಪಾಸು, ಸುತ್ತು 90. ಆದರೆ ಮಾನ್ವಿ, ದೇವದುರ್ಗ ಎರಡೂ ರಾಯಚೂರಿನ ಪಡುವಣ ಪಾರ್ಶ್ವದಲ್ಲಿವೆ. ಆಷಾಢದಲ್ಲಿ ಪಡುವಲ ಗಾಳಿಯು ಬೀಸಲಾರಂಭಿಸಿದರೆ ಮರವಿಲ್ಲದ ಎರೆಹೊಲಗಳ ನಡುವೆ ಅದನ್ನು ತಡೆಯುವವರಾರು? ಹೋಗುವಾಗ ವೇಗ 29ಕ್ಕೆ ಇಳಿದುದುಂಟು. ಬರುವಾಗ ಅದೇ ಗಾಳಿ ಬೆನ್ನಿಗೆ ಬಿದ್ದು 50 ಮುಟ್ಟಿದುದೂ ಉಂಟು.

ಹಿಂದಿನ ಗಾಲಿಗೆ ಕುಶಲಿಯು ಸೂಚಿಸಿದ ಹನ್ನೊಂದು ಬಿಲ್ಲೆಗಳ ಹಲ್ಲುಗಳು ಹೀಗಿವೆ: 11, 12, 13, 14, 15, 16, 17, 19, 21, 23, 25. ಮುಂದೆ 58 ಇಟ್ಟರೆ ಎದುರುಗಾಳಿಗೆ 23ರ ಬಿಲ್ಲೆ ಬೇಕು. ಅದರಾಚೆಗೆ ಉಳಿಯುವುದು ಒಂದೇ. ದಣಿದ ಕಾಲಿಗೆ ಅಷ್ಟು ಸಾಲದು. 54 ಇಟ್ಟರೆ 21ರ ಬಿಲ್ಲೆಯಲ್ಲಿಯೇ 29 ಕಿಲೋಮೀಟರಿನ ವೇಗ ಸಾಧ್ಯ. ಎರಡು ಬಿಲ್ಲೆಗಳು ಕೈಯಲ್ಲಿರುತ್ತವೆ. ಬೆನ್ನುಗಾಳಿಯಲ್ಲಿ 12ರಿಂದ 51 ಕಿಲೋಮೀಟರು ಬರುತ್ತದೆ; 11ನ್ನು ಮುಟ್ಟಬೇಕಾಗಿಯೇ ಇಲ್ಲ. ಅವನು ಬಹುಕಾಲ ಸಾಗುವ ವೇಗಕ್ಕೆ 54ನ್ನು 16ರಿಂದ ಭಾಗಿಸಬೇಕು: ಸುತ್ತಿಗೆ 7.10 ಮೀಟರು, 90 ಸುತ್ತಿಗೆ ಗಂಟೆಗೆ 38.4 ಕಿಲೋಮೀಟರು. ಈ 16ರ ಬಿಲ್ಲೆಯು ಹನ್ನೊಂದರಲ್ಲಿ ಆರನೆಯದು, ಸರಿಯಾಗಿ ನಡುವಿನದು. ಚೈನು ಓರೆಯಾಗದೆ ನೇರವಾಗಿ ಓಡುತ್ತದೆ, ಘರ್ಷಣೆ ಕಡಿಮೆ.

ದೊಡ್ಡ ಚಕ್ರದ ಪರವಾಗಿ ಹುಡುಗನಾಡಿದ ಮಾತಿನಲ್ಲಿ ಸತ್ಯವಿಲ್ಲದಿರಲಿಲ್ಲ. ದೊಡ್ಡ ಚಕ್ರದ ಮೇಲೆ ಚೈನಿನ ಕೊಂಡಿಗಳು ಕಡಿಮೆ ಬಾಗುತ್ತವೆ. ಅಷ್ಟರಮಟ್ಟಿಗೆ ಶಕ್ತಿ ಉಳಿಯುತ್ತದೆ. 50 ಹಲ್ಲಿಗೆ ಇಳಿಯುವುದು ಬೇಡವೆಂದು ನಾವೂ ಒಪ್ಪಿದುದು ಇದಕ್ಕಾಗಿ. ಆದರೆ ಭಾರವಾದ ಗೇರನ್ನು ಎಳೆಯ ಮಂಡಿಗಳಿಂದ ಮೆಲ್ಲಗೆ ಒತ್ತಿ ಒತ್ತಿ ತುಳಿಯುವುದನ್ನು ನಾವು ಒಪ್ಪಲಾರೆವು. ಅಂತರರಾಷ್ಟ್ರೀಯ ಸೈಕಲ್ ಸಂಸ್ಥೆಯು 2022ರ ಕೊನೆಯವರೆಗೆ 17-18ರ ಪ್ರಾಯದವರಿಗೆ ಸುತ್ತಿಗೆ 7.93 ಮೀಟರು ಮೀರಕೂಡದೆಂಬ ಕಟ್ಟಳೆಯನ್ನಿಟ್ಟಿತ್ತು, ಆಮೇಲೆ ತೆಗೆದುಹಾಕಿತು. ತೆಗೆದುದು ನಮಗೇನೋ ಸರಿದೋರಲಿಲ್ಲ.

ಹುಡುಗನು ಎರಡು ದಿನ ಮುಖ ಸಣ್ಣದು ಮಾಡಿಕೊಂಡಿದ್ದನು. ಮೂರನೆಯ ದಿನ ನೋಟುಬುಕ್ಕನ್ನು ತಾನೇ ತೆಗೆದುಕೊಂಡು ಕುಳಿತು, ಒಂದು ಯುಕ್ತಿಯನ್ನು ಕಂಡುಹಿಡಿದನು: ಚೌಕಟ್ಟಿನಲ್ಲಿ 58ಕ್ಕೆ ಸಾಲುವಷ್ಟು ಎಡೆ ಬಿಡಿಸುವುದು, ಸದ್ಯಕ್ಕೆ 54 ತೊಡಿಸುವುದು. ಮುಂದೆ ಅವನ ವೇಗ ಹೆಚ್ಚಿದರೆ ಚಕ್ರವೊಂದನ್ನೇ ಬದಲಿಸಬಹುದು. ಇದು ನಮಗೆ ಹೊಳೆದಿರಲಿಲ್ಲ. ಕುಶಲಿಯೂ ಆಗಬಹುದೆಂದನು.

ಮಾನ್ವಿಗೆ ಫೋನು ಮಾಡಿ ನಿರ್ಣಯವನ್ನು ತಿಳಿಸಿದೆವು. ತಮ್ಮನು ಎಲ್ಲವನ್ನೂ ಸಾವಧಾನದಿಂದ ಕೇಳಿ, “ಅಣ್ಣಾ, ನಾಕು ಹಲ್ಲು ಕಮ್ಮಿ ಆದ್ರ ರೊಕ್ಕಾನೂ ಕಮ್ಮಿ ಆಗ್ತದೇನು?” ಎಂದನು. ಆಗುವುದಿಲ್ಲವೆಂದೆವು. ಮರುದಿನ ಮುಂಗಡದ ಹಣವನ್ನು ಕಳುಹಿಸಿದನು.