ನೆಲಮಾಳಿಗೆಯ ಸದ್ದು

2018ರ ಡಿಸೆಂಬರ್ ತಿಂಗಳಲ್ಲಿ ನಾವು ದಂಪತಿಗಳು ಮಗಳ ಬಾಣಂತನದ ಸಲುವಾಗಿ ದಾವಣಗೆರೆಯಿಂದ ಹೊರಟು, ಅಮೆರಿಕದ ಷಿಕಾಗೊ ನಗರಕ್ಕೆ ಸಮೀಪದ ಊರೊಂದನ್ನು ಸೇರಿದೆವು. ಜನವರಿಯ ಮೊದಲ ವಾರದಲ್ಲಿ ಮೊಮ್ಮಗಳು ಹುಟ್ಟಿದಳು. ಹೊರಗೆ ಮೊಣಕಾಲುದ್ದ ಹಿಮ. ಕಿಟಕಿಯ ಗಾಜನ್ನು ಮುಟ್ಟಿದರೆ ಬೆರಳು ಮರಗಟ್ಟುವಂತಹ ಚಳಿ. ಧನುರ್ಮಾಸದ ಬೆಳಗಿಗೇ ಕಂಬಳಿ ಹುಡುಕುವ ನಾವು, ಆ ಚಳಿಯಲ್ಲಿ ಹಸುಗೂಸನ್ನು ಹೇಗೆ ಕಾಯುವುದೆಂದು ಚಿಂತಿಸಿದ್ದುಂಟು. ಆದರೆ ಮನೆಯೊಳಗೆ ಹಗಲೂ ರಾತ್ರಿಯೂ ಹಿತವಾದ ಬೆಚ್ಚಗಿರುತ್ತಿತ್ತು. ಅದಕ್ಕೆ ಕಾರಣ ನೆಲಮಾಳಿಗೆಯಲ್ಲಿದ್ದ ಫರ್ನೇಸ್.

ಫರ್ನೇಸ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕಮ್ಮಾರಸಾಲೆಯ ಕುಲುಮೆ. ಅಲ್ಲಿಯದು ಬೇರೆ. ಬೀರುವಿನಂತಹ ಒಂದು ತಗಡಿನ ಪೆಟ್ಟಿಗೆ. ಕೊಳವೆಯಲ್ಲಿ ಬರುವ ಅನಿಲ ಅದರೊಳಗೆ ಉರಿಯುತ್ತದೆ. ಉರಿಯಿಂದೆದ್ದ ಬಿಸಿ ಹೊಗೆ ಲೋಹದ ನಾಳಗಳೊಳಗೆ ಹಾಯ್ದು ಮನೆಯ ಹೊರಗೆ ಹೋಗುತ್ತದೆ. ಆ ನಾಳಗಳ ಹೊರಮೈಯನ್ನು ಸವರಿ ಬಿಸಿಯಾದ ಗಾಳಿಯನ್ನು ದೊಡ್ಡ ಫ್ಯಾನೊಂದು ತಗಡಿನ ಹಾದಿಗಳ ಮೂಲಕ ಕೋಣೆಕೋಣೆಗೂ ನೂಕುತ್ತದೆ. ಹೊಗೆ ಮತ್ತು ಮನೆಯ ಗಾಳಿ ಒಂದನ್ನೊಂದು ಬೆರೆಯಬಾರದೆಂಬುದೇ ಈ ಯಂತ್ರದ ಮುಖ್ಯ ನಿಯಮ.

ದೂರ ಪ್ರಯಾಣದಿಂದ ನಿದ್ರೆ ಕೆಟ್ಟಿದ್ದ ನಮಗೆ ಮೊದಲ ದಿನಗಳಲ್ಲಿ ಅದರ ಸದ್ದುಗಳೇ ಜೊತೆಗಾರರಾದವು. ಮೊದಲು ಹೊಗೆಯನ್ನು ಸೆಳೆಯುವ ಸಣ್ಣ ಫ್ಯಾನಿನ ಗುಂಯ್‌ಗುಟ್ಟುವಿಕೆ. ತುಸು ಹೊತ್ತಿನ ಮೇಲೆ ಅನಿಲದ ಬಾಯಿ ತೆರೆದ ‘ಟಕ್’ ಎಂಬ ಸದ್ದು. ಉರಿ ಹೊತ್ತಿಕೊಂಡ ಮೆಲುವಾದ ‘ಹುಸ್’. ಅನಂತರ ದೊಡ್ಡ ಫ್ಯಾನಿನ ಮೊರೆತ. ಒಂದು ರಾತ್ರಿ ಗೋಡೆಯೊಳಗೆ ಟಕಟಕನೆ ಸದ್ದಾದಾಗ ನಮ್ಮ ಮನೆಯವರು, “ಛಾವಣಿಯ ಮೇಲೆ ಯಾರೋ ಓಡಾಡುತ್ತಿದ್ದಾರೆ” ಎಂದು ಎದ್ದು ಕುಳಿತರು. ತಗಡು ಬಿಸಿಯಾದಾಗ ಹಿಗ್ಗಿ, ತಣಿದಾಗ ಕುಗ್ಗುವ ಸದ್ದು ಅದೆಂದು ಅಳಿಯಂದಿರು ತಿಳಿಸಿದರು. ಪೆಟ್ಟಿಗೆಯ ಬಳಿ ಕೇಳುತ್ತಿದ್ದ ಗುಳುಗುಳು, ಹೊಗೆಯಲ್ಲಿನ ಆವಿ ತಣಿದು ನೀರಾಗಿ ಹರಿದುಹೋಗುವ ಸದ್ದಾಗಿತ್ತು. ಹೀಗೆ ಒಂದೊಂದಾಗಿ ಅರ್ಥ ತಿಳಿದ ಮೇಲೆ ನಮ್ಮ ಅಂಜಿಕೆ ಹೋಯಿತು.

ಜನವರಿ 20ರ ಸುಮಾರಿಗೆ ಹೊಸದೊಂದು ಸದ್ದು ಸೇರಿಕೊಂಡಿತು. ಉರಿ ಹೊತ್ತುವ ವೇಳೆಗೆ ಸರಿಯಾಗಿ, ಖಾಲಿ ಡ್ರಮ್ಮಿಗೆ ಗುದ್ದಿದಂತೆ ‘ಧಡ್’ ಎಂಬ ಸದ್ದು. ತೊಟ್ಟಿಲಲ್ಲಿದ್ದ ಕೂಸು ಬೆಚ್ಚಿಬೀಳುತ್ತಿತ್ತು. ಮೂರು ರಾತ್ರಿ ನಾವು ಇದನ್ನು ಕೇಳಿಯೂ ಬಾಯಿ ಬಿಡಲಿಲ್ಲ. ಅಳಿಯನ ಮನೆ; ಅವರು ಕಲಿತವರು, ಯಂತ್ರಗಳನ್ನು ಬಲ್ಲವರು. ಪರದೇಶದ ವಸ್ತುವಿನ ಬಗ್ಗೆ ಹಳಬರಾದ ನಾವು ಆಡಿ ನಗೆಗೀಡಾಗುವುದೇಕೆ ಎಂಬ ಸಂಕೋಚ. ಮಗಳೂ, “ಅದು ತಗಡಿನ ಸದ್ದು, ಮಲಗಿರಿ ಅಪ್ಪಾಜಿ” ಎಂದಿದ್ದಳು.

ನಾಲ್ಕನೆಯ ಬೆಳಿಗ್ಗೆ ನಮ್ಮ ಮನೆಯವರು ಕೂಸಿಗೆ ಎಣ್ಣೆ ಹಚ್ಚುತ್ತಿದ್ದಾಗ ಮತ್ತೆ ಅದೇ ಸದ್ದಾಯಿತು. ಅವರು ಕೈ ನಿಲ್ಲಿಸಿ, “ಇದು ತಗಡಿನ ಸದ್ದಲ್ಲ. ಒಲೆಯ ಗುಬುಟು ಮೊದಲೇ ತಿರುವಿ, ಕಡ್ಡಿ ಗೀರಲು ತಡ ಮಾಡಿದರೆ ಭಗ್ ಎನ್ನುತ್ತದಲ್ಲ, ಅದೇ ಇದು” ಎಂದರು. ನಲವತ್ತು ವರ್ಷ ಅಡುಗೆಮನೆಯಲ್ಲಿ ದುಡಿದ ಕಿವಿ ಅದು. ಆಗ ನಮಗೂ ಧೈರ್ಯ ಬಂದು, ಅಳಿಯಂದಿರನ್ನು ಕರೆದು ಇದ್ದುದನ್ನು ಇದ್ದಂತೆ ಹೇಳಿದೆವು. ಅವರು ನಗಲಿಲ್ಲ. “ನಾನು ಮೇಲಿನ ಅಂತಸ್ತಿನಲ್ಲಿ ಮಲಗುತ್ತೇನೆ ಮಾವ, ನನಗೆ ಕೇಳಿಸಿಯೇ ಇಲ್ಲ” ಎಂದು ಕೂಡಲೇ ಫರ್ನೇಸನ್ನು ಆರಿಸಿ, ರಿಪೇರಿಯವರಿಗೆ ಫೋನ್ ಮಾಡಿದರು. ಅಂದು ಮಧ್ಯಾಹ್ನದವರೆಗೆ ವಿದ್ಯುತ್ ಹೀಟರಿನ ಕೋಣೆಯೊಂದರಲ್ಲೇ ಎಲ್ಲರೂ ಕುಳಿತೆವು.

ಬಂದ ಕೆಲಸಗಾರ ಪೆಟ್ಟಿಗೆಯ ಬಾಗಿಲು ತೆಗೆದು ತೋರಿಸಿದ. ಬರ್ನರುಗಳ ಬಾಯಿಗೆ ತುಕ್ಕು ಮತ್ತು ಧೂಳು ಕಟ್ಟಿತ್ತು. ಅದರಿಂದಾಗಿ ಅನಿಲ ಬಂದೊಡನೆ ಹೊತ್ತದೆ, ಕ್ಷಣಕಾಲ ಒಳಗೇ ತುಂಬಿಕೊಂಡು, ಅನಂತರ ಒಮ್ಮೆಗೇ ಭುಗಿಲೆನ್ನುತ್ತಿತ್ತು. ಅಂತಹ ಹೊಡೆತ ಪದೇಪದೇ ಬಿದ್ದರೆ ಹೊಗೆ ಹಾಯುವ ನಾಳ ಬಿರುಕು ಬಿಡಬಹುದು. ಬಿರುಕಿನಿಂದ ವಿಷದ ಹೊಗೆ ಮನೆಯ ಗಾಳಿಗೆ ಸೇರಬಹುದು. ಅದೃಷ್ಟವಶಾತ್ ನಾಳ ಗಟ್ಟಿಯಾಗಿಯೇ ಇತ್ತು. ಅವನು ಬರ್ನರುಗಳನ್ನು ಉಜ್ಜಿ, ಬೂದುಬಣ್ಣಕ್ಕೆ ತಿರುಗಿದ್ದ ಗಾಳಿಯ ಫಿಲ್ಟರನ್ನು ಬದಲಿಸಿ, ಉರಿ ನೀಲಿಯಾಗಿ ಏಳುವುದನ್ನು ನಮಗೆ ತೋರಿಸಿದ.

ಹೊರಡುವ ಮುನ್ನ ಅವನು ಕೇಳಿದ ಒಂದು ಪ್ರಶ್ನೆಗೆ ಮನೆಯೇ ಸ್ತಬ್ಧವಾಯಿತು: “ಕಾರ್ಬನ್ ಮಾನಾಕ್ಸೈಡ್ ಅಲಾರಂ ಎಲ್ಲಿದೆ?” ಇಲಿನಾಯ್ ರಾಜ್ಯದಲ್ಲಿ 2007ರಿಂದ, ಮಲಗುವ ಪ್ರತಿ ಕೋಣೆಯ 15 ಅಡಿಯೊಳಗೆ ಅದಿರಬೇಕೆಂಬ ಕಾನೂನಿದೆ. ಅಲಾರಂ ಗೋಡೆಯ ಮೇಲೆಯೇ ಇತ್ತು. ಆದರೆ ಬಸುರಿಯಾಗಿದ್ದ ಮಗಳ ನಿದ್ರೆ ಕೆಡುತ್ತದೆಂದು, ಆಗಾಗ ‘ಚಿಂವ್’ ಎನ್ನುತ್ತಿದ್ದ ಅದರ ಬ್ಯಾಟರಿಯನ್ನು ಅಳಿಯಂದಿರು ಅಕ್ಟೋಬರಿನಲ್ಲೇ ತೆಗೆದಿಟ್ಟು ಮರೆತಿದ್ದರು. ಬ್ಯಾಟರಿ ಮುಗಿಯುತ್ತಿದೆ ಎಂದು ಅದು ಕೂಗುತ್ತಿತ್ತಷ್ಟೆ. ಅಳಿಯಂದಿರು ತಲೆ ತಗ್ಗಿಸಿದರು. ಮೂರು ರಾತ್ರಿ ಸುಮ್ಮನಿದ್ದ ನಾವೂ ಅವರಿಗಿಂತ ಮೇಲೇನೂ ಆಗಿರಲಿಲ್ಲ.

ಅಡುಗೆ ಅನಿಲಕ್ಕಾಗಲಿ, ಆ ದೇಶದ ಮನೆಗಳಿಗೆ ಬರುವ ಅನಿಲಕ್ಕಾಗಲಿ ಸಹಜವಾಗಿ ವಾಸನೆ ಇಲ್ಲವೆಂಬುದು ಬಹುಜನರಿಗೆ ತಿಳಿಯದು. 1937ರಲ್ಲಿ ಟೆಕ್ಸಾಸಿನ ನ್ಯೂ ಲಂಡನ್ ಎಂಬಲ್ಲಿ ವಾಸನೆಯಿಲ್ಲದ ಅನಿಲ ಸೋರಿ ಶಾಲೆಯೊಂದು ಸ್ಫೋಟಗೊಂಡಿತು. ಮುನ್ನೂರರಷ್ಟು ಜನ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಆ ಬಳಿಕ ಅನಿಲಕ್ಕೆ ದುರ್ವಾಸನೆಯನ್ನು ಬೆರೆಸುವುದು ಕಡ್ಡಾಯವಾಗುತ್ತ ಬಂದಿತು. ಆದರೆ ಉರಿಯಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಸದ್ದಿಲ್ಲ. ಅದು ರಕ್ತಕ್ಕೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಬಂದಾಗ ಜನ ಸಾಮಾನ್ಯ ಜ್ವರವೆಂದು ಮಲಗುತ್ತಾರೆ; ಕೆಲವರು ಏಳುವುದೇ ಇಲ್ಲ. ಗರ್ಭಿಣಿಯರಿಗೂ ಶಿಶುಗಳಿಗೂ ಅಪಾಯ ಇನ್ನೂ ಹೆಚ್ಚು.

ಮಕ್ಕಳ ಮನೆಗೆಂದು ಚಳಿಯ ನಾಡಿಗೆ ಹೋಗುವ ಹಿರಿಯರಲ್ಲಿ ನಮ್ಮದೊಂದು ಅರಿಕೆ. ಹೊತ್ತುವಾಗ ‘ಧಡ್’ ಎಂದರೆ ತಡಮಾಡದೆ ಹೇಳಿರಿ. ಕೀಚಲು ಸದ್ದು ಬಂದರೆ ಫ್ಯಾನಿನ ಬೇರಿಂಗ್ ಸವೆದಿರಬಹುದು. ಸಿಳ್ಳೆಯಂತೆ ಕೇಳಿಸಿದರೆ ಫಿಲ್ಟರ್ ಕಟ್ಟಿರಬಹುದು. ಗಡಗಡ ಎಂದರೆ ತಗಡಿನ ತಿರುಪು ಸಡಿಲಿರಬಹುದು. ಅಲಾರಂ ನಾಲ್ಕು ಬಾರಿ ಕೂಗಿ, ನಿಂತು, ಮತ್ತೆ ನಾಲ್ಕು ಬಾರಿ ಕೂಗಿದರೆ ಕೂಸನ್ನೆತ್ತಿಕೊಂಡು ಎಲ್ಲರೂ ಹೊರಗೆ ನಡೆಯಬೇಕು; ಅಲ್ಲಿಂದಲೇ ಸಹಾಯಕ್ಕೆ ಕರೆಯಬೇಕು. ಈ ವಿಷ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಕಿಟಕಿ ಮುಚ್ಚಿದ ಸ್ನಾನದ ಮನೆಯ ಗ್ಯಾಸ್ ಗೀಸರ್, ಬಾಣಂತಿಯ ಕೋಣೆಯ ಕೆಂಡದ ಅಗ್ಗಿಷ್ಟಿಕೆ, ಎರಡೂ ಇದನ್ನೇ ಉಗುಳುತ್ತವೆ.

ಅದೇ ಜನವರಿ 30ರಂದು ಷಿಕಾಗೊದಲ್ಲಿ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿಯಿತು. ಫರ್ನೇಸ್ ರಾತ್ರಿಯಿಡೀ ವಿರಾಮವಿಲ್ಲದೆ ದುಡಿಯಿತು. ನಾವು ಎಚ್ಚರವಾಗಿದ್ದು ಪ್ರತಿಸಲವೂ ಕಿವಿಗೊಟ್ಟೆವು: ಗುಂಯ್, ಟಕ್, ಹುಸ್, ಮೊರೆತ. ಹೊಸ ಅಲಾರಮ್ಮಿನ ಹಸಿರು ದೀಪ ಗೋಡೆಯ ಮೇಲೆ ಬೆಳಗುತ್ತಿತ್ತು. ಕೂಸು ಒಮ್ಮೆಯೂ ಬೆಚ್ಚಲಿಲ್ಲ. ಬೆಳಗಿನ ಜಾವಕ್ಕೆ ನಮಗೂ ನಿದ್ರೆ ಹತ್ತಿತು.