ಆಪರೇಷನ್ ಆದ ಮ್ಯಾಲಿನ ಮಾತು

ಲಿಂಗ ಬದಲಾವಣೆ ಆಪರೇಷನ್ ಸಲುವಾಗಿ ವಾಡಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಾಗ ತೊಡಿ ಮ್ಯಾಲೆ ಒಂದು ಫೈಲ್: ಮನೋವೈದ್ಯರ ಪತ್ರ, ಹಾರ್ಮೋನ್ ರಿಪೋರ್ಟು, ಆಧಾರ್ ಝೆರಾಕ್ಸು. ಆಧಾರ್‌ನಾಗ ಹಳೇ ಹೆಸರು. ದವಾಖಾನಿ ಕೌಂಟರಿನಾಗ ಅದನ್ನೇ ಜೋರಾಗಿ ಕೂಗಿದರು, ಕುಂತವರೆಲ್ಲ ತಿರುಗಿ ನೋಡಿದರು.

ಆಪರೇಷನ್ ಆಗಿ ಹೊಲಿಗಿ ಒಣಗಿದ್ರೂ ಚಿಕಿತ್ಸೆ ಮುಗಿಯಂಗಿಲ್ರಿ. ಹೊಸ ಯೋನಿ ಮುಚ್ಚಿಕೊಳ್ಳಬಾರದಂತ ತಿಂಗಳುಗಟ್ಟಲೆ ಡೈಲೇಟರ್ ಇಟ್ಕೋಬೇಕು, ಬಾಗಿಲು ಹಾಕ್ಕೊಳ್ಳಾಕ ಒಂದು ಖೋಲಿ ಬೇಕು. ಶಹಾಬಾದ್ ಕಲ್ಲಿನ ನಮ್ಮ ಒಂದೇ ಖೋಲಿ ಮನ್ಯಾಗ ಅದೆಲ್ಲಿಂದ ಬರಬೇಕು? ಅವ್ವ ತನ್ನ ಹಳೇ ಇಳಕಲ್ ಸೀರಿ ಅಡ್ಡ ಕಟ್ಟಿದಳು. ಏನೂ ಕೇಳಲಿಲ್ಲ, ಬಿಸಿನೀರು ಇಟ್ಟಳು.

ಲಿಂಗ ಗುರುತಿಗೆ ಆಪರೇಷನ್ ಕಡ್ಡಾಯ ಮಾಡೋದು ಕಾನೂನುಬಾಹಿರ ಅಂತ 2014ರಾಗೇ ಸುಪ್ರೀಂ ಕೋರ್ಟ್ ಹೇಳ್ಯದ. ಬೇಕಂದವರಿಗೆ ಸರ್ಕಾರ ಅದನ್ನ ಒದಗಿಸಬೇಕಂತ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆ ಕಾಯ್ದೆಯ 15ನೇ ಕಲಮಿನಾಗ ಅದ. ಸೇಡಂ, ಚಿಂಚೋಳಿ ಕಡಿ ತಂದೆ-ತಾಯಿಗಳೇ, ನಿಮ್ಮ ಮನ್ಯಾಗೂ ನನ್ನಂಥ ಮಗಳಿದ್ರ ದವಾಖಾನಿಗೆ ಒಬ್ಬಾಕಿನ್ನೇ ಕಳಸಬ್ಯಾಡ್ರಿ, ಜೋಡಿ ಹೋಗ್ರಿ.