ಸಾಲದ ಅರ್ಧಾಯು

ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆ ನನ್ನಲ್ಲಿಗೆ ಬರುವ ಹೆತ್ತವರ ಪ್ರಶ್ನೆ ಸಾಮಾನ್ಯವಾಗಿ ಎರಡು. ಮೊದಲನೆಯದು, ಮಗನಿಗೆ ಸಯನ್ಸೋ ಕಾಮರ್ಸೋ? ಎರಡನೆಯದು ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಕೇಳುವಂಥದು: "ಮಾಷ್ಟ್ರೇ, ಮುಡಿಪು ಕಡೆ ಐದು ಸೆಂಟ್ಸ್ ಜಾಗ ಉಂಟಂತೆ. ಸರ್ಕಾರದ ಸಾಲ ಸಿಗ್ತದಂತಲ್ಲ, ತೆಗೊಳ್ಳಬಹುದಾ?"

ವಿಜ್ಞಾನ ಕಲಿಸುವವನಿಗೆ ಈ ಉಸಾಬರಿ ಏಕೆ ಎನ್ನಬಹುದು. ಮನೆ ಸಾಲದ ಕಂತು, ಮಗಳ ಕಾಲೇಜು ಫೀಸು ಎರಡೂ ಒಂದೇ ದುಡಿಮೆಯಿಂದ ಹೋಗಬೇಕಲ್ಲ! ಅದಕ್ಕೇ ಹೇಳುತ್ತೇನೆ.

"ಸರ್ಕಾರದ ಸಾಲ" ಎಂಬ ಮಾತೇ ಅರ್ಧ ಸರಿ. 2016ರ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಭಾಗದಲ್ಲಿ ಬಯಲುಸೀಮೆಗೆ ನಿಗದಿಯಾದ 1.20 ಲಕ್ಷ ರೂಪಾಯಿ ಸಾಲವಲ್ಲ, ನೆರವು. ಅದು ಪಟ್ಟಿಯಲ್ಲಿ ಹೆಸರಿರುವವರಿಗೆ, ಕನಿಷ್ಠ 25 ಚದರ ಮೀಟರಿನ ಮನೆ ಕಟ್ಟಲು. ಬೇಕಿದ್ದರೆ 70,000 ರೂಪಾಯಿವರೆಗೆ ಬ್ಯಾಂಕ್ ಸಾಲಕ್ಕೂ ಅವಕಾಶ. ಪಟ್ಟಿಯಲ್ಲಿ ಇಲ್ಲದ ಹಳ್ಳಿಯವರಿಗಾಗಿ 2017ರಲ್ಲಿ ಇನ್ನೊಂದು ಯೋಜನೆ ಬಂತು: ಸಾಲ ಕೊಡುವುದು ಬ್ಯಾಂಕು, ಮೊದಲ 2 ಲಕ್ಷಕ್ಕೆ ಶೇಕಡಾ 3ರಷ್ಟು ಬಡ್ಡಿ ಹೊರುವುದು ಸರ್ಕಾರ, ರಾಷ್ಟ್ರೀಯ ವಸತಿ ಬ್ಯಾಂಕಿನ ಮೂಲಕ. ಇದು ಮನೆ ಕಟ್ಟಲು, ಇದ್ದದ್ದನ್ನು ವಿಸ್ತರಿಸಲು ಮಾಡಿದ್ದು. ಬರೀ ಜಾಗ ಕೊಳ್ಳುವುದಕ್ಕಲ್ಲ! ಜಾಗದ ದುಡ್ಡು ನಮ್ಮ ಕಿಸೆಯಿಂದಲೇ ಹೋಗಬೇಕು ಎಂದಾಗ ಬಂದವರ ಮುಖ ಸಣ್ಣಗಾಗುತ್ತದೆ.

ಇನ್ನೊಂದು ತೊಡಕು ಗಡಿಯದ್ದು. ಪಟ್ಟಣಗಳಿಗಾಗಿ 2024ರಲ್ಲಿ ಬಂದ ಯೋಜನೆಯ ನಿಯಮವೇ ಬೇರೆ. ಅಲ್ಲಿ ಬಡ್ಡಿ ಸಹಾಯ ಮೊದಲ 8 ಲಕ್ಷಕ್ಕೆ ಶೇ. 4. ಸುತ್ತ ಗದ್ದೆ ತೋಟ ಕಂಡ ಮಾತ್ರಕ್ಕೆ ಅದು ಹಳ್ಳಿ ಎಂದುಕೊಳ್ಳಬಾರದು. ತೆರಿಗೆ ಗ್ರಾಮ ಪಂಚಾಯತಿಗೆ ಕಟ್ಟಿದರೂ ಜಾಗ ನಗರದ ಯೋಜನಾ ವ್ಯಾಪ್ತಿಗೆ ಸೇರಿರಬಹುದು. ಆಯಾ ವರ್ಷ ಯಾವ ಯೋಜನೆ ಜಾರಿಯಲ್ಲಿದೆ, ಯಾವುದು ಈ ಜಾಗಕ್ಕೆ ಅನ್ವಯ ಎಂದು ಬ್ಯಾಂಕಿನಲ್ಲೇ ಕೇಳಬೇಕು, ಬ್ರೋಕರನ ಬಾಯಲ್ಲಲ್ಲ.

ಈಗ ಮಕ್ಕಳಿಗೆ ಸ್ವಲ್ಪ ಕೆಲಸ. 2 ಲಕ್ಷ ಸಾಲ, ಶೇ. 9 ಬಡ್ಡಿ, 20 ವರ್ಷ ಎನ್ನಿ. ತಿಂಗಳ ಕಂತು ಸುಮಾರು 1,800 ರೂಪಾಯಿ. ಬಡ್ಡಿ ಶೇ. 6ಕ್ಕೆ ಇಳಿದರೆ 1,433. ಇಪ್ಪತ್ತು ವರ್ಷದಲ್ಲಿ ಉಳಿಯುವುದು ಸುಮಾರು 88,000. ಬಡವನ ಮನೆಯಲ್ಲಿ ಇದೇನೂ ಸಣ್ಣ ಮೊತ್ತವಲ್ಲ.

ಆದರೆ ರಿಯಾಯಿತಿ ಸಿಗದವರ ಮೊದಲ ಕಂತನ್ನು ಬಿಡಿಸಿ ನೋಡಿ. 1,800ರಲ್ಲಿ 1,500 ಬಡ್ಡಿಗೇ ಹೋಯಿತು. ಅಸಲಿಗೆ ಸಂದದ್ದು 300 ಮಾತ್ರ! ತರಗತಿಯಲ್ಲಿ ವಿಕಿರಣಶೀಲ ಅಯೋಡಿನ್-131ರ ಅರ್ಧಾಯು ಎಂಟು ದಿನ ಎಂದು ಪಾಠ ಮಾಡುತ್ತೇವೆ. ಅಲ್ಲಿ ಕ್ಷಯ ಮೊದಮೊದಲು ವೇಗ, ಆಮೇಲೆ ನಿಧಾನ. ಸಾಲದ್ದು ತದ್ವಿರುದ್ಧ: ಮೊದಲು ಕರಗುವುದೇ ಇಲ್ಲವೇನೋ ಎಂಬಂತೆ ಕೂತಿರುತ್ತದೆ. ಇಪ್ಪತ್ತು ವರ್ಷದ ಈ ಸಾಲದ ಅಸಲು ಅರ್ಧಕ್ಕೆ ಇಳಿಯುವುದು ಹದಿನಾಲ್ಕನೆಯ ವರ್ಷದ ಕೊನೆಗೆ. ಇಂದು ಹತ್ತನೆಯಲ್ಲಿರುವ ಹುಡುಗಿಗೆ ಆಗ ಮೂವತ್ತು ಆಗಿರುತ್ತದೆ!

ಇದೇ ಲೆಕ್ಕದಲ್ಲಿ ಒಂದು ಸಂತೋಷವೂ ಇದೆ. 1,800ರ ಬದಲು ತಿಂಗಳಿಗೆ 2,000 ಕಟ್ಟಿದರೆ ಸಾಲ ಹದಿನೈದೂವರೆ ವರ್ಷದಲ್ಲಿ ತೀರುತ್ತದೆ. ಇನ್ನೂರು ರೂಪಾಯಿಗೆ ನಾಲ್ಕೂವರೆ ವರ್ಷ! ಬದಲಾಗುವ ಬಡ್ಡಿದರದ ಮನೆಸಾಲವನ್ನು ಮುಂಚೆ ತೀರಿಸಿದವರಿಂದ ದಂಡ ವಸೂಲು ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ.

ಆದರೂ ನಮ್ಮ ಜಿಲ್ಲೆಯಲ್ಲಿ ಜನ ಎಡವುವುದು ಬಡ್ಡಿಯಲ್ಲಲ್ಲ, ಕಾಗದದಲ್ಲಿ. ಮಾರುವವರು "ಪಹಣಿ ಉಂಟು" ಎನ್ನುತ್ತಾರೆ. ಪಹಣಿ ಕೃಷಿ ಭೂಮಿಯದ್ದು. ಮನೆ ಕಟ್ಟಬೇಕಾದರೆ ಭೂಪರಿವರ್ತನೆ ಆಗಬೇಕು, ಪಂಚಾಯತಿನ ನಮೂನೆ 9 ಮತ್ತು 11ಎ ಬೇಕು. ಇದನ್ನೇ ನಮ್ಮವರು "ನೈನ್ ಇಲೆವೆನ್" ಎನ್ನುವುದು. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು ನಿಜ. ಕೊಂಡ ತೋಟ ಅಷ್ಟಕ್ಕೇ ಮನೆ ಸೈಟಾಗುವುದಿಲ್ಲ. ಕುಮ್ಕಿಯಂತೂ ಸರ್ಕಾರದ ಜಾಗ. ಪಕ್ಕದ ವರ್ಗದಾರನಿಗೆ ಅದರಲ್ಲಿ ಸೊಪ್ಪು, ಸೌದೆಯಂಥ ಸವಲತ್ತು ಇದೆಯೇ ಹೊರತು ಮಾರುವ ಹಕ್ಕಿಲ್ಲ. ಪರಿಶಿಷ್ಟರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಕೊಳ್ಳುವುದಕ್ಕೆ 1978ರ ಕಾಯಿದೆ ಬಿಡುವುದಿಲ್ಲ.

ಕಳೆದ ವರ್ಷ ರಿಕ್ಷಾ ಓಡಿಸುವ ಒಬ್ಬರು ಮಗಳ ಜೊತೆ ಬಂದಿದ್ದರು. ಐದು ಸೆಂಟ್ಸಿಗೆ ಮರುದಿನವೇ 50,000 ಮುಂಗಡ ಕೊಡಬೇಕಿತ್ತು. ಹೆಂಡತಿಯ ಬಳೆ ಅಡವಿಟ್ಟು ತಂದ ದುಡ್ಡು. ಪಹಣಿ, ಸರ್ವೆ ನಕ್ಷೆ, ಋಣಭಾರ ಪತ್ರ ಮೂರನ್ನೂ ತಂದು ಒಬ್ಬ ವಕೀಲರಿಗೆ ತೋರಿಸಿ, ಆಮೇಲೆ ಕೊಡಿ ಎಂದೆ. ಅವರಿಗೆ ಬೇಸರವಾಯಿತು, ಪಾರ್ಟಿ ಕೈತಪ್ಪಿ ಹೋದರೆ ಎಂದು. ನಕ್ಷೆ ನೋಡಿದಾಗ ಐದರಲ್ಲಿ ಮೂರು ಸೆಂಟ್ಸ್ ಮಾತ್ರ ಮಾರುವವನದು, ಉಳಿದೆರಡು ಕುಮ್ಕಿ. ಮುಂಗಡ ಕೊಡಲಿಲ್ಲ, ಬಳೆ ಬಿಡಿಸಿಕೊಂಡರು.

ಅವರು ಈಗಲೂ ಬಾಡಿಗೆ ಮನೆಯಲ್ಲಿದ್ದಾರೆ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ ಮಗಳು ಕಿನ್ನಿಗೋಳಿ ಕಡೆ ಇನ್ನೊಂದು ಜಾಗ ನೋಡಿದ್ದೇವೆ ಎಂದಳು. ನೈನ್ ಇಲೆವೆನ್ ಇದೆಯಂತೆ. ಇನ್ನೂರು ಹೆಚ್ಚಿಗೆ ಕಟ್ಟುವ ಲೆಕ್ಕವನ್ನು ಆಗಲೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಮಾಡಿಟ್ಟಿದ್ದಾಳೆ.